ತೊರಿನೊ ಪಟ್ಟಣದ ನಳದಲ್ಲಿ ಕೂತು ಬಸವಣ್ಣ ನನ್ನ ಮೊಮ್ಮಗಳನ್ನು ಕಾಯ್ದದ್ದು

ಕಾಲಿಟ್ಟ ಮೊದಲನೇ ದಿನವೇ, ನನ್ನ ಮಾತು ಒಂದು ನರಪಿಳ್ಳೆಗೂ ತಿಳಿಯದ ಊರಲ್ಲಿ, ಐದು ವರ್ಷದ ಮೊಮ್ಮಗಳನ್ನು ಸಂತೆಯೊಳಗೆ ಕಳಕೊಂಡೆ. ಅದೂ ಎಂಥಾ ಕೂಸು! ಎರಡು ವರ್ಷದಿಂದ ಹೆತ್ತ ತಾಯಿಯ ಮುಖ ನೋಡದೆ ನನ್ನ ಸೆರಗಿನಲ್ಲೇ ಬೆಳೆದದ್ದು. ಸಮುದ್ರ ದಾಟಿಸಿ, ತಗೋ ತಂಗಿ ನಿನ್ನ ಮಗಳು ಅಂತ ಅವರವ್ವನ ಉಡಿಯೊಳಗೆ ಹಾಕಲಿಕ್ಕೆ ಅಂತಲೇ ನಾನು ಒಯ್ದದ್ದು. ಬೆಳಿಗ್ಗೆ ಮುಟ್ಟಿಸಿದೆ, ಮಧ್ಯಾಹ್ನಕ್ಕೆ ಕಳೆದೆ.

ಶರಣ ಬಂಧುಗಳೇ, ನಾನು ಲಿಂಗಸುಗೂರಿನ ಈರಮ್ಮ. ಓದಿದಾಕಿ ಅಲ್ಲ. ಚಿಕ್ಕಂದಿನಲ್ಲಿ ಸಂತೆಕಲ್ಲೂರಿನ ತವರುಮನೆಯಲ್ಲಿ ಅಯ್ಯನವರು ಮರಳ ಮೇಲೆ ಬೆರಳು ಹಿಡಿದು ತಿದ್ದಿಸಿದ ಅಕ್ಷರ ಅಷ್ಟೇ ನನ್ನ ಆಸ್ತಿ. ಒತ್ತು ಬಿಟ್ಟಿದ್ದರೆ, ದೀರ್ಘ ಎಳೆಯದಿದ್ದರೆ ನೀವೇ ಹಾಕಿಕೊಂಡು ಓದಿರಿ. ಸಂಗತಿ ಮಾತ್ರ ನಡೆದದ್ದು ನಡೆದ ಹಾಗೆ ಐತಿ. ಹೇಳದೆ ಇದ್ದರೆ ನನ್ನ ಹೊಟ್ಟೆ ಒಡೆದೀತು ಅಂತ ಬರೆಯುತ್ತೇನೆ.

ನನ್ನ ಮಗ ಶರಣಪ್ಪ ನಮ್ಮೂರ ಹತ್ತಿ ಜಿನ್ನಿನಲ್ಲಿ ಇಂಜಿನ್ ನೋಡಿಕೊಂಡು ಇದ್ದವನು. ಕೆಟ್ಟು ಕೂತ ಯಂತ್ರಕ್ಕೆ ಕಿವಿ ಹಚ್ಚಿ, ಇಂಥಲ್ಲಿ ನೋವು ಅಂತ ಹೇಳುತ್ತಿದ್ದ. ಆಮೇಲೆ ನಿಜಾಮ ಸರಕಾರದ ಮೋಟಾರು ಖಾತೆಗೆ ಸೇರಿದ. ಅವರೇ ಅವನನ್ನು, ಮೋಟಾರು ಇಂಜಿನ್ ಕೆಲಸ ಪೂರಾ ಕಲಿತು ಬಾ ಅಂತ, ಇಟಲಿ ದೇಶದ ತೊರಿನೊ ಎಂಬ ಪಟ್ಟಣಕ್ಕೆ ಕಳಿಸಿದರು. ದೊಡ್ಡ ಯುದ್ಧ ಸುರುವಾಗುವುದಕ್ಕೆ ಮುಂಚಿನ ಮಾತು ಇದು. ಸೊಸೆ ಗಂಗಮ್ಮನೂ ಹೊರಟಳು. ಮೊಮ್ಮಗಳು ಮಲ್ಲಿ, ಆಗ ಆಕೆಗೆ ಮೂರು ವರ್ಷ. ಹೊರಡುವ ಹೊತ್ತಿಗೆ ಸರಿಯಾಗಿ ಕೂಸಿಗೆ ದಡಾರ ಬಂತು. ಮೈತುಂಬ ಗುಳ್ಳೆ ಎದ್ದ ಕೂಸನ್ನು ಹಡಗಿನವರು ಹತ್ತಿಸಿಕೊಳ್ಳುವುದಿಲ್ಲ. ಒಂದು ವರ್ಷದ ಮಾತಲ್ಲವೇ, ನಾನಿದ್ದೇನೆ ಅಂತ ಹೇಳಿ ಗಂಗಾನನ್ನು ನಾನೇ ಕಳಿಸಿದೆ.

ಒಂದು ವರ್ಷ ಅಂದದ್ದು ಎರಡಾಯಿತು. ಇನ್ನೂ ಒಂದು ವರ್ಷ ಇರಬೇಕು ಅಂತ ಮತ್ತೆ ಹುಕುಂ ಬಂತು. ಅದನ್ನು ಕೇಳಿದ ದಿನದಿಂದ ಗಂಗಾ ಊಟ ಬಿಟ್ಟಳಂತೆ. ಬೇಕಂತ ಬಿಟ್ಟದ್ದಲ್ಲ, ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ಶರಣಪ್ಪ ಅಲ್ಲಿನ ದವಾಖಾನೆಗೆ ಒಯ್ದು ಎದೆ ನೋಡಿಸಿದ, ರಕ್ತ ನೋಡಿಸಿದ. ಡಾಕ್ಟರು ಎಲ್ಲ ನೋಡಿ, ಈಕೆಗೆ ಬೇಕಾದ ಔಷಧ ನಮ್ಮ ಹತ್ತಿರ ಇಲ್ಲ, ಈಕೆಯ ಮಗಳನ್ನು ತರಿಸಿಕೋ, ಬೇಗ ತರಿಸಿಕೋ ಅಂದರಂತೆ. ಮಗ ಅದನ್ನೇ ನಮಗೆ ಬರೆದ.

ಯಾರು ಒಯ್ಯಬೇಕು? ನಮ್ಮ ಯಜಮಾನರಿಗೆ ಕಣ್ಣಿಗೆ ಪರೆ ಬಂದಿತ್ತು. ನಾನು ಒಯ್ಯುತ್ತೇನೆ ಅಂದೆ. ಅವರು ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ ಹೇಳಿ ನಕ್ಕರು.

"ಸಿಂಧನೂರು ಸಂತ್ಯಾಗ ದಾರಿ ತಪ್ಪಾಕಿ, ವಿಲಾಯತಿಗೆ ಹೊಂಟಾಳ ನೋಡ್ರಿ."

ಆ ಸಿಂಧನೂರು ಸಂತೆಯ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಅದೇ ನಮ್ಮನ್ನು ಉಳಿಸಿತು. ಸಂತೆಗೆ ಕೂಸುಗಳನ್ನು ಒಯ್ಯುವಾಗ ನಮ್ಮ ಹೆಣ್ಣುಮಕ್ಕಳು ಹೇಳಿಕೊಡುವುದು ಒಂದೇ ಮಾತು: ಕೈ ತಪ್ಪಿದರೆ ಅಳಬ್ಯಾಡ, ಓಡಬ್ಯಾಡ, ಬಸವಣ್ಣನ ಹತ್ತಿರ ಹೋಗಿ ಕೂಡು, ಯಾರು ಕರೆದರೂ ಏಳಬ್ಯಾಡ. ಗುಡಿ ಮುಂದಿನ ಕಲ್ಲಿನ ಬಸವಣ್ಣ ಎಲ್ಲೂ ಹೋಗುವುದಿಲ್ಲವಲ್ಲ. ನಾನೂ ಹಾಗೇ ಬೆಳೆದೆ, ನನ್ನ ಮಗನೂ ಹಾಗೇ ಬೆಳೆದ. ಹೊರಡುವ ಮುಂಚೆ ಸಿಂಧನೂರಿನ ಬೀಗರಿಗೆ ಹೇಳಿ ಬರಲು ಹೋದಾಗ ಮಲ್ಲಿ ಸಂತೆಯಲ್ಲಿ ತಪ್ಪಿಸಿಕೊಂಡಿದ್ದಳು. ನಾನು ಎದೆ ಬಡಿದುಕೊಳ್ಳುತ್ತ ಹೋದರೆ, ಈಕೆ ಬಸವಣ್ಣನ ಕೊರಳಿಗೆ ಒರಗಿಕೊಂಡು ಯಾರೋ ಕೊಟ್ಟ ಬೆಲ್ಲ ಚೀಪುತ್ತಿದ್ದಳು. ಯಜಮಾನರು ಅದನ್ನು ತಿರುಗಿಸಿ, ತಪ್ಪಿದಾಕಿ ಮೊಮ್ಮಗಳಲ್ಲ, ಅಜ್ಜಿ ಅಂತ ಹಂಗಿಸುತ್ತಿದ್ದರು.

ಹೊರಡುವ ಮುಂಜಾನೆ ಮಸ್ಕಿಯ ಗುಡ್ಡ ಹತ್ತಿ ಮಲ್ಲಿಕಾರ್ಜುನನ ಮುಂದೆ ಸೆರಗೊಡ್ಡಿ ನಿಂತೆ. ನನಗೆ ಏನೂ ಬೇಡ ತಂದೆ, ಈ ಕೂಸು ತಾಯಿಯ ಉಡಿ ಸೇರುವ ತನಕ ನನ್ನ ಕೈ ಬಿಡಬ್ಯಾಡ, ಆಮೇಲೆ ಬೇಕಾದರೆ ಬಿಡು ಅಂದೆ. ಗಂಟಿನಲ್ಲಿ ಒಣಗಿಸಿದ ಕಟಕ ರೊಟ್ಟಿ, ಹಚ್ಚಿಕೊಳ್ಳಲು ಶೇಂಗಾ ಚಟ್ನಿಪುಡಿಯ ಹಿಂಡಿ, ಒಂದು ಅರಿವೆಯಲ್ಲಿ ಸುತ್ತಿದ ವಿಭೂತಿ ಗಟ್ಟಿಗಳು. ಮೋಟಾರಿನಲ್ಲಿ ರಾಯಚೂರು, ಅಲ್ಲಿಂದ ರೈಲಿನಲ್ಲಿ ಮುಂಬಯಿ. ವಿಲಾಯತಿಗೆ ಹೊರಟಿದ್ದ ಹೈದರಾಬಾದಿನ ಒಬ್ಬ ಡಾಕ್ಟರ್ ಸಾಹೇಬರ ಕುಟುಂಬ ನಮ್ಮನ್ನು ಹಡಗಿನಲ್ಲಿ ಜತನ ಮಾಡಿತು. ಅವರ ಬೇಗಂ ಸಾಹೇಬರು ನಾನು ವಾಂತಿ ಮಾಡಿಕೊಂಡಾಗ ತಲೆ ಹಿಡಿದರು. ಅಲ್ಲಾಹು ಅವರನ್ನು ತಣ್ಣಗೆ ಇಟ್ಟಿರಲಿ.

ಹಡಗು ಇಳಿಯುವ ಬಂದರಕ್ಕೆ ಶರಣಪ್ಪ ಬಂದಿದ್ದ. ಟೊಪ್ಪಿಗೆ ಹಾಕಿದ್ದರಿಂದ ನನಗೆ ಗುರ್ತು ಸಿಗಲಿಲ್ಲ. ಯಾವನೋ ಸಾಹೇಬ ನನ್ನ ಕಾಲು ಹಿಡಿಯಲು ಬಂದ ಅಂತ ಹಿಂದೆ ಸರಿದೆ. ಅಲ್ಲಿಂದ ರೈಲು ಹತ್ತಿ ತೊರಿನೊ ಮುಟ್ಟಿದಾಗ ಬೆಳಕು ಹರಿಯುತ್ತಿತ್ತು. ಸ್ಟೇಶನ್ನಿನ ಹೊರಗೆ ಬಂದು ಕತ್ತೆತ್ತಿದರೆ, ಊರಿನ ಆಚೆ ಬೆಳ್ಳಗೆ ಗುಡ್ಡಗಳ ಸಾಲು. ಸುಣ್ಣದ ಗುಡ್ಡ ಏನಪ್ಪಾ ಅಂದೆ. ಹಿಮ ಅವ್ವಾ ಅಂದ. ಶಿವನ ಮನೆ ಇಲ್ಲಿಗೂ ಕಾಣುತ್ತದಲ್ಲ ಅಂತ ಅಲ್ಲೇ ಕೈ ಮುಗಿದೆ.

ಮಗನ ಮನೆ ಹಳೇ ಊರೊಳಗೆ, ಒಂದು ಸಂದಿಯ ನಾಲ್ಕನೇ ಅಂತಸ್ತಿನಲ್ಲಿ. ಮ್ಯಾಲೆ ನೀರಿಲ್ಲ, ಓಣಿಯ ಮೂಲೆಯಿಂದ ತರಬೇಕು. ನನಗೋ ರೈಲಿನಲ್ಲಿ ಲಿಂಗಪೂಜೆ ಆಗಿರಲಿಲ್ಲ, ಬಾಯಿಗೆ ಹನಿ ನೀರು ಹಾಕಿರಲಿಲ್ಲ. ಮೊದಲು ನೀರು ತೋರಿಸು ಅಂದೆ. ಚರಗಿ ಹಿಡಿದು ಮೂಲೆಗೆ ಹೋದೆ. ಹೋದಾಕಿ ಹಾಗೇ ನಿಂತೆ.

ನನ್ನ ಎದೆಮಟ್ಟ ಎತ್ತರದ ಒಂದು ಕಬ್ಬಿಣದ ಕಂಬ, ಹಸಿರು ಬಣ್ಣ. ಕಂಬದ ಮುಂದೆ ಬಸವಣ್ಣನ ಮುಖ. ಎರಡು ಕೊಂಬು, ಅಗಲವಾದ ಹಣೆ, ಶಾಂತವಾದ ಕಣ್ಣು. ಬಾಯಿಂದ ನೀರು ಧಾರೆಯಾಗಿ ಸುರಿಯುತ್ತಿದೆ, ಯಾರೂ ತಿರುವದೆ, ಯಾರೂ ಸೇದದೆ. ಬಸವ ತೀರ್ಥ! ನನ್ನ ಕಣ್ಣಲ್ಲಿ ನೀರು ಬಂತು. ಸಮುದ್ರ ದಾಟಿ ನಾನು ಬರುತ್ತೇನೆ ಅಂತ ತಿಳಿದು, ನನಗಿಂತ ಮೊದಲು ಬಂದು ಬಾಯಾರಿದವರಿಗೆ ನೀರು ಹಾಕುತ್ತ ನಿಂತಿದ್ದಾನೆ. ಆದರೆ ಹಣೆ ಬರಿದು. ಯಾರೂ ಹಚ್ಚಿಲ್ಲ. ನಾನು ಗಂಟು ಬಿಚ್ಚಿ, ಮುಂಗೈ ತೊಳೆದು, ಗಟ್ಟಿಯಿಂದ ವಿಭೂತಿ ತೆಗೆದು ಕಬ್ಬಿಣದ ಹಣೆಗೆ ಮೂರು ಗೆರೆ ಎಳೆದೆ. ಮಲ್ಲಿಯ ಹಣೆಗೂ ಹಚ್ಚಿದೆ.

ಶರಣಪ್ಪ ಆ ಕಡೆ ಈ ಕಡೆ ನೋಡಿದ. "ಯವ್ವಾ, ಅದು ನಳ ಬೇ. ಮುನಸಿಪಾಲ್ಟಿ ನಳ."

"ನಳಾನೋ ಗಿಳಾನೋ, ಕೊಂಬು ಅದಾವ ಇಲ್ಲೋ?" ಅಂದೆ.

ಈ ಊರಿನ ಹೆಸರಿನ ಅರ್ಥವೇ ಹೋರಿ ಅಂತ, ಊರಿನ ಮುದ್ರೆಯೂ ಹೋರಿ, ಅದಕ್ಕೆ ನಳಕ್ಕೂ ಅದರ ಮುಖ ಇಟ್ಟಿದ್ದಾರೆ ಅಂತ ಅವನು ತಿಳಿಸಿ ಹೇಳಿದ. ಹೋರಿಯ ಊರಿನಲ್ಲಿ ಬಸವಣ್ಣ ಇರದೆ ಮತ್ತೆ ಯಾರು ಇರಬೇಕು ಅಂದೆ. ಮಲ್ಲಿ ನನ್ನ ಸೆರಗು ಎಳೆದಳು. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತಾರೆ, ತಾಯಿಗೆ ಅವ್ವ.

"ಅಮ್ಮಾ, ಇಂವ ನಮ್ಮ ಬಸವಣ್ಣನೇನು?"

"ಈಗ ವಿಭೂತಿ ಹಚ್ಚೀನಲ್ಲ, ಈಗ ನಮ್ಮವನ," ಅಂದೆ. ಮಗನನ್ನು ಕೆಣಕಲಿಕ್ಕೆ ಅಂತ, ಕೈ ತಪ್ಪಿದರೆ ಇಲ್ಲೂ ಅದೇ ಮಾತು ಅಂತ ಸೇರಿಸಿದೆ. ಬಾಯಿಂದ ಬಂದು ಹೋದ ಮಾತು.

ಅಷ್ಟೊತ್ತಿಗೆ ಕರಿ ಲಂಗ, ತಲೆಗೆ ಕರಿ ವಸ್ತ್ರ ಕಟ್ಟಿದ ಒಬ್ಬ ಮುದುಕಿ ತಾಮ್ರದ ಕೊಡ ಹಿಡಿದು ನಮ್ಮ ಹಿಂದೆ ನಿಂತಿದ್ದಳು. ನನ್ನ ಹಣೆ ನೋಡಿದಳು, ಕೂಸಿನ ಹಣೆ ನೋಡಿದಳು, ಬಸವಣ್ಣನ ಹಣೆ ನೋಡಿದಳು. ಬೈಯುತ್ತಾಳೆ ಅಂತ ನಾನು ಸೆರಗು ಬಿಗಿ ಮಾಡಿದರೆ, ಆಕೆ ಕೊಡ ಕೆಳಗಿಟ್ಟು, ಎದೆಯ ಮೇಲೆ ಕೈಯಾಡಿಸಿಕೊಂಡು, ಕಣ್ಣು ಮುಚ್ಚಿ ನನ್ನ ಮುಂದೆ ಹಣೆ ಬಗ್ಗಿಸಿದಳು. ಬಗ್ಗಿಸಿದ ಹಣೆಯನ್ನು ಬರಿದೆ ಕಳಿಸುವುದು ಉಂಟೇ? ಆಕೆಗೂ ಮೂರು ಗೆರೆ ಎಳೆದೆ. ಶರಣಪ್ಪ ಮಾತ್ರ, ಪರದೇಶದಲ್ಲಿ ಹಿಂಗೆಲ್ಲ ಮಾಡಬಾರದು ಬೇ, ಯಾರಾದರೂ ಏನಾದರೂ ಅಂದುಕೊಂಡಾರು ಅಂತ ಮೆಟ್ಟಿಲು ಹತ್ತುವ ತನಕ ನನ್ನನ್ನು ಗದರಿಸಿದ.

ಮೇಲೆ ಬಾಗಿಲಲ್ಲಿ ಗಂಗಾ ನಿಂತಿದ್ದಳು. ಅವಳಲ್ಲ, ಅವಳ ನೆರಳು. ಕೆನ್ನೆಯ ಎಲುಬು ಎದ್ದು ಬಂದಿದ್ದವು. ಎರಡೂ ಕೈ ಚಾಚಿದಳು. ಮಲ್ಲಿ ನನ್ನ ಸೀರೆ ನಿರಿಗೆಯೊಳಗೆ ಮುಖ ಹುಗಿದಳು.

"ಈಕಿ ಯಾರಬೇ ಅಮ್ಮಾ?"

ಶರಣರೇ, ಆ ಮಾತು ನನಗೇ ಚುಚ್ಚಿತು, ಹೆತ್ತಾಕೆಗೆ ಹೇಗಾಗಿರಬೇಡ. ಗಂಗಾ ಕೈ ಕೆಳಗಿಳಿಸಿ ನಕ್ಕಳು. "ಇರ್ಲಿ ಬಿಡ್ರಿ ಅತ್ತಿ. ನಾ ಹೊಸಬಾಕಿನ ಅಲ್ಲೇನ್ರಿ."

ಪೂಜೆ ಆಯಿತು. ಕಟಕ ರೊಟ್ಟಿಗೆ ಹಿಂಡಿ ಹಚ್ಚಿ ತಿಂದೆವು. ಮಲ್ಲಿ ತಾಯಿಯನ್ನು ಓರೆಗಣ್ಣಿನಲ್ಲಿ ನೋಡುತ್ತ, ನನಗೆ, ಆಕಿಗೂ ಒಂದು ರೊಟ್ಟಿ ಕೊಡು ಅಂದಳು. ಆಕಿ! ಗಂಗಾ ಆ ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟಳು. ಅಷ್ಟೇ ಇಳಿಯಿತು. ಆದರೆ ಕೂಸಿಗೆ ಹೋಳಿಗೆ ಮಾಡುತ್ತೇನೆ, ಸಂತೆಗೆ ಹೋಗೋಣ ನಡೆಯಿರಿ ಅಂತ ಎದ್ದು ನಿಂತಳು. ನೀರಿಗೆ ಹೋಗುವುದು ಬಿಟ್ಟರೆ, ಎಷ್ಟೋ ತಿಂಗಳಾದ ಮೇಲೆ ತಾನಾಗಿ ಮನೆ ಹೊರಗೆ ಹೆಜ್ಜೆ ಇಡುತ್ತಿದ್ದಾಳೆ ಅಂತ ಶರಣಪ್ಪ ಕಿವಿಯಲ್ಲಿ ಹೇಳಿದ. ನಮಗೆ ಊರು ತೋರಿಸುತ್ತ ಸುತ್ತುಹಾಕಿ ಸಂತೆಗೆ ಕರಕೊಂಡು ಹೋದ.

ಏನು ಊರು ಅಂತೀರಿ! ಬೀದಿಗಳು ಹಗ್ಗ ಹಿಡಿದು ಎಳೆದ ಹಾಗೆ ನೆಟ್ಟಗೆ. ಬೀದಿಯ ಎರಡೂ ಬದಿಗೆ ಕಲ್ಲು ಕಂಬದ ಕಮಾನು ಪಡಸಾಲೆ, ಒಂದು ಮುಗಿದಲ್ಲಿ ಇನ್ನೊಂದು. ಮಳೆ ಬಂದರೂ ಬಿಸಿಲು ಬಂದರೂ ತಲೆಗೆ ಸೆರಗು ಬೇಡ. ನಡುವೆ ಟ್ರಾಂ ಗಾಡಿ ಗಂಟೆ ಬಾರಿಸುತ್ತ ಓಡುತ್ತದೆ. ಒಂದು ಕಟ್ಟಡದ ಶಿಖರ ಮೋಡಕ್ಕೆ ಚುಚ್ಚುವಷ್ಟು ಎತ್ತರ, ಕಳಸ ಇಡುವುದು ಒಂದು ಬಾಕಿ. ಅರಸರ ಅರಮನೆ ನೋಡಿದೆವು, ಹೊರಗಿನಿಂದ. ಒಬ್ಬಳು ಅಂಗಡಿಯಾಕೆ ಮಲ್ಲಿಗೆ ಕರ್ರಗಿನ ಮಿಠಾಯಿ ಕೊಟ್ಟಳು. ಮಲ್ಲಿ ಮೂಸಿ ನೋಡಿ, ಸುಟ್ಟ ಬೆಲ್ಲ ಅಂತ ಹೇಳಿ ತಿಂದುಬಿಟ್ಟಳು. ಆಮೇಲೆ ಕೆಂಪು ಇಟ್ಟಿಗೆಯ ಹಳೇ ಅಗಸಿ ಬಾಗಿಲು ಬಂತು, ಎರಡು ಬುರುಜು, ನಮ್ಮ ಮುದಗಲ್ಲ ಕೋಟೆಯ ಹಾಗೇ. ಎರಡು ಸಾವಿರ ವರ್ಷದ್ದು ಅವ್ವಾ ಅಂತ ಶರಣಪ್ಪ ಹೆಮ್ಮೆಯಿಂದ ಹೇಳಿದ, ತಾನೇ ಕಟ್ಟಿಸಿದವನ ಹಾಗೆ. ನಮ್ಮ ಮಸ್ಕಿ ಬಂಡೆಯ ಮೇಲಿನ ಅಕ್ಷರ ಅದಕ್ಕಿಂತ ಹಳೇವು, ಸಾಹೇಬರೇ ಬಂದು ಓದಿ ಹೇಳ್ಯಾರ ಅಂದೆ. ಗಂಗಾ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಅವಳ ನಗು ಕೇಳಿ ಮಲ್ಲಿ ಹೊರಳಿ ನೋಡಿದಳು.

ಅಗಸಿಯ ಆಚೆಯೇ ಸಂತೆ. ಸಿಂಧನೂರಿನಂಥ ಹತ್ತು ಸಂತೆ ಅದರಲ್ಲಿ ಮುಳುಗಿ ಹೋಗಬೇಕು. ಟೊಮೆಟೊ ಗುಡ್ಡೆ, ಅಣಬೆ ಗುಡ್ಡೆ, ನನ್ನ ಮುಷ್ಟಿಯ ಎರಡರಷ್ಟು ದಪ್ಪದ ಮೆಣಸಿನಕಾಯಿ, ಮುರಿದು ನೆಕ್ಕಿ ನೋಡಿದೆ, ಖಾರವೇ ಇಲ್ಲ. ನನ್ನ ಇಳಕಲ್ ಸೀರೆ ನೋಡಿ ಹೆಂಗಸರು ಸುತ್ತುಗಟ್ಟಿದರು. ಒಬ್ಬಳು ಸೆರಗಿನ ತೇನಿಯ ನೇಯ್ಗೆ ಮುಟ್ಟಿ ನೋಡುತ್ತಾಳೆ, ಇನ್ನೊಬ್ಬಳು ಅಂಚಿನ ದಡಿ ಹಿಡಿದು ಎಳೆಯುತ್ತಾಳೆ. ಅದು ರೇಷ್ಮೆ, ಇದು ಹತ್ತಿ ಅಂತ ನಾನು ಕನ್ನಡದಲ್ಲೇ ಅವರಿಗೆ ತಿಳಿಸಿಕೊಟ್ಟೆ. ತಿಳಿಸಿ ತಿರುಗಿ ನೋಡಿದರೆ, ಮಲ್ಲಿ ಇಲ್ಲ.

ಗಂಗಾನ ಹತ್ತಿರ ಇದ್ದಾಳೆ ಅಂತ ನಾನು ಅಂದುಕೊಂಡಿದ್ದೆ. ಗಂಗಾ ಬೆಳ್ಳಗಾಗಿ ನನ್ನ ಕೈ ನೋಡಿದಳು.

"ಆಕಿ ನನ್ನ ಕೈ ಹಿಡ್ಯಂಗಿಲ್ಲಲ್ರಿ ಅತ್ತಿ. ನಿಮ್ಮ ಕೈಯಾಗ ಅದಾಳಂತ ಅನ್ಕೊಂಡೆ."

ಆಮೇಲೆ ಅವಳು ನಿಲ್ಲಲಿಲ್ಲ. ಎರಡು ಹೆಜ್ಜೆಗೆ ಕೂಡುವ ಆ ಜೀವ, ಮಲ್ಲೀ ಮಲ್ಲೀ ಅಂತ ಕೂಗುತ್ತ ಜನರೊಳಗೆ ನುಗ್ಗಿ ಹೋಯಿತು. ಶರಣಪ್ಪ ನನ್ನನ್ನು ಆ ಹಳೇ ಅಗಸಿಯ ಕೆಳಗೆ ನಿಲ್ಲಿಸಿ, ನೀ ಇಲ್ಲಿಂದ ಅಲುಗಬ್ಯಾಡ, ನೀನೂ ಕಳೆದರೆ ನಾ ಸಾಯಬೇಕಾಗತದ ಅಂತ ಹೇಳಿ, ಮನೆಗೆ ಓಡಿ ಹೋಗಿ ನೋಡಿ ಬಂದ. ಅಲ್ಲೂ ಇಲ್ಲ. ಪೊಲೀಸರ ಹತ್ತಿರ ಓಡಿದ.

ನಾನು ಅಗಸಿಯ ಕೆಳಗೆ ನಿಂತೆ. ಯಜಮಾನರು ಹೇಳಿದ್ದು ನಿಜವಾಯಿತಲ್ಲ ಅನಿಸಿತು. ಈ ಕೂಸು ಸಿಗದಿದ್ದರೆ ಗಂಗಾ ಇನ್ನೊಂದು ವಾರ ಬದುಕುವುದಿಲ್ಲ ಅಂತ ನನಗೆ ಖಾತ್ರಿ ಇತ್ತು. ಆಗಲೇ ನೆನಪಾಯಿತು: ಕೈ ತಪ್ಪಿದರೆ ಬಸವಣ್ಣನ ಹತ್ತಿರ ಹೋಗಿ ಕೂಡು. ಕೂಸಿಗೆ ಬೆಳಿಗ್ಗೆಯೇ ಹೇಳಿದ್ದೇನೆ! ಮಗನ ಮಾತು ಗಾಳಿಗೆ ಬಿಟ್ಟು ಓಡಿದೆ. ಸಂತೆಯ ಮೂಲೆಯಲ್ಲೇ ಕಂಡಿತು ಹಸಿರು ಕಂಬ, ಕೊಂಬು, ಬಾಯಿಂದ ನೀರು. ಕೂಸು ಇಲ್ಲ. ಹಣೆ ಬರಿದು, ನಮ್ಮ ಓಣಿಯದಲ್ಲ. ಬಲಕ್ಕೆ ಹೊರಳಿದೆ, ಅಲ್ಲೊಂದು ಬಸವಣ್ಣ. ಕೂಸು ಇಲ್ಲ. ಎಡಕ್ಕೆ ಹೋದೆ, ಅಲ್ಲೂ ಒಂದು. ಆ ಊರಿನಲ್ಲಿ ಮೂಲೆ ಮೂಲೆಗೆ ಬಸವಣ್ಣ ನಿಂತಿದ್ದಾನೆ! ಮನೆಯ ಓಣಿ ಯಾವುದು ಅಂತ ನನಗೂ ತಿಳಿಯದು, ಎಲ್ಲ ಓಣಿಯೂ ಒಂದೇ ಅಚ್ಚು.

ಬೆಳಿಗ್ಗೆ ಕಂಡು ಕಣ್ಣೀರು ಹಾಕಿದವಳು ಈಗ ಅವನನ್ನೇ ಬೈದೆ. "ಒಬ್ಬನ ಇದ್ದಿದ್ರ ಸಾಕಿತ್ತಲ್ಲೋ ತಂದೆ. ಇಷ್ಟ ಮಂದಿ ಆಗಿ ನಿಂತೀಯಲ್ಲ, ನಾ ಯಾವ ನಿನ್ನ ಹುಡುಕ್ಲಿ?"

ಕೇಳೋಣವೆಂದರೆ ಮಾತು ಬಾರದು. ಒಬ್ಬ ಕಾಯಿಪಲ್ಲೆ ಮಾರುವವನ ಮುಂದೆ ನಿಂತು, ತಲೆಯ ಎರಡೂ ಬದಿಗೆ ಬೆರಳು ನೆಟ್ಟು ಕೊಂಬು ಮಾಡಿ ತೋರಿಸಿದೆ. ಇಂಥವನು ಎಲ್ಲೆಲ್ಲಿ ಇದ್ದಾನೆ, ಅವನ ಹತ್ತಿರ ಕೂಸು ಕೂತಿದೆಯೇ ಅಂತ ನನ್ನ ಭಾವ. ಅವನ ಮುಖ ಕೆಂಪಾಯಿತು. ತಿಳಿಯಲಿಲ್ಲವೇನೋ ಅಂತ ಅವನ ಕಡೆಗೇ ಬೆರಳು ಮಾಡಿ, ಮತ್ತೆ ಕೊಂಬು ಮಾಡಿ, ಅಂಬಾ ಅಂದೆ. ಅವನು ತಕ್ಕಡಿ ಬಿಸಾಡಿ ಕೂಗಾಡಿದ. ಅವನ ಹೆಂಡತಿ ಮಾತ್ರ ಮಗ್ಗುಲಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಸುತ್ತಲ ಅಂಗಡಿಯವರೆಲ್ಲ ನಕ್ಕರು. ನನ್ನ ಕೂಸು ಕಳೆದಿದೆ, ಇವರು ನಗುತ್ತಾರೆ.

ಅಲ್ಲೇ ಒಂದು ಚರ್ಚಿನ ಮೆಟ್ಟಿಲು. ಹೋಗಿ ಕುಸಿದೆ. ಕೊರಳ ಇಷ್ಟಲಿಂಗವನ್ನು ಅರಿವೆ ಬಿಚ್ಚಿ ಅಂಗೈಯಲ್ಲಿ ಹಿಡಿದೆ. ಯಾರ ಮೆಟ್ಟಿಲು, ಯಾರ ಗುಡಿ, ನನಗೆ ಒಂದೂ ಇಲ್ಲ. ಮಂತ್ರ ಬಾಯಿಗೆ ಬರಲಿಲ್ಲ. ನಾನು ಕೇಳಿದ್ದು ಇಷ್ಟೇ: ಮಸ್ಕಿ ಗುಡ್ಡದ ಮೇಲೆ ಮಾತು ಕೊಟ್ಟೀದಿ. ಕೂಸು ತಾಯಿಯ ಉಡಿಗೆ ಇನ್ನೂ ಬಿದ್ದಿಲ್ಲ. ಬೆಳಿಗ್ಗೆ ನಾ ಒಪ್ಪಿಸಿದೆ ಅಂತ ಲೆಕ್ಕಕ್ಕೆ ಹಿಡಿಯಬ್ಯಾಡ, ಆಕೆ ತಾಯಿಯ ಕೈ ಹಿಡಿದೇ ಇಲ್ಲ. ನಿನ್ನ ಕೆಲಸ ಮುಗಿದಿಲ್ಲ ತಂದೆ.

ಅತ್ತು ಕಣ್ಣು ತೆರೆದೆ. ಸಂತೆಯ ಜನ ಹೊಳೆಯ ಹಾಗೆ ಹರಿಯುತ್ತಿದ್ದಾರೆ. ಟೊಪ್ಪಿಗೆ, ವಸ್ತ್ರ, ಬಿಳಿ ಮುಖ, ಎಲ್ಲ ಬರೀ ಹಣೆ. ಆ ಬರೀ ಹಣೆಗಳ ನಡುವೆ ಒಂದು ಹಣೆಯ ಮೇಲೆ ಮೂರು ಗೆರೆ ವಿಭೂತಿ.

ನಮ್ಮವರು ಯಾರೋ ಬಂದರು ಅಂತ ಎದ್ದು ನಿಂತೆ. ಕರಿ ಲಂಗ, ಕರಿ ವಸ್ತ್ರ. ಬೆಳಗಿನ ಮುದುಕಿ! ಒರೆಸಿಕೊಂಡಿಲ್ಲ, ತೊಳೆದುಕೊಂಡಿಲ್ಲ, ನಾನು ಎಳೆದ ಗೆರೆ ಎಳೆದ ಹಾಗೇ ಇದೆ. ಆಕೆಯೂ ಜನರ ಮುಖ ಮುಖ ನೋಡುತ್ತ ಯಾರನ್ನೋ ಹುಡುಕುತ್ತಿದ್ದಳು. ನನ್ನ ಹಣೆ ಕಂಡದ್ದೇ ಎರಡೂ ಕೈ ಮೇಲೆತ್ತಿದಳು. ಓಡಿ ಬಂದು ನನ್ನ ಹಣೆ ಮುಟ್ಟಿದಳು, ತನ್ನ ಹಣೆ ಮುಟ್ಟಿಕೊಂಡಳು, ನೆಲದಿಂದ ಇಷ್ಟೆತ್ತರ ಅಂತ ಕೈ ಹಿಡಿದು ತೋರಿಸಿದಳು, ಮತ್ತೆ ಹಣೆ ಮುಟ್ಟಿದಳು. ಇಷ್ಟೆತ್ತರದ್ದು, ಹಣೆಗೆ ವಿಭೂತಿ ಇದ್ದದ್ದು! ಅದಕ್ಕೆ ಭಾಷೆ ಬೇಕೇನು? ನನ್ನ ರಟ್ಟೆ ಹಿಡಿದು ಎಳಕೊಂಡು ಓಡಿದಳು. ಇಬ್ಬರು ಮುದುಕಿಯರು, ಒಬ್ಬಳು ಲಂಗ ಎತ್ತಿ, ಒಬ್ಬಳು ನಿರಿಗೆ ಎತ್ತಿ, ಟ್ರಾಂ ಗಾಡಿ ನಿಲ್ಲಿಸಿ ದಾಟಿದೆವು.

ಓಣಿ ಹೊರಳಿದರೆ ನಮ್ಮ ಮೂಲೆ. ನಳದ ಸುತ್ತ ಹತ್ತಾರು ಹೆಂಗಸರು, ನಡುವೆ ಒಬ್ಬ ಪೊಲೀಸ. ಅವನು ಕೈ ಚಾಚಿ ಕರೆಯುತ್ತಿದ್ದಾನೆ, ಮಿಠಾಯಿ ತೋರಿಸುತ್ತಿದ್ದಾನೆ. ನನ್ನ ಮಲ್ಲಿ ಬಸವಣ್ಣನ ಕೊರಳಿಗೆ ಎರಡೂ ಕೈ ಸುತ್ತಿ, ಅವನ ಕಿವಿಗೆ ತನ್ನ ಕೆನ್ನೆ ಒತ್ತಿ, ಗಟ್ಟಿ ಹಿಡಿದು ನಿಂತಿದ್ದಾಳೆ. ಲಂಗ ತೊಯ್ದು ತಪ್ಪಡಿ ಆಗಿದೆ. ಅತ್ತಿಲ್ಲ. ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದಳು.

"ಎಷ್ಟು ತಡ ಮಾಡಿದಿಬೇ ಅಮ್ಮಾ. ಇಂವ ಕರೀತಾನ ಕರೀತಾನ, ನಾ ಹೋಗ್ಲಿಲ್ಲ."

ಅಪ್ಪಿಕೊಂಡು, ಇಷ್ಟು ಬಸವಣ್ಣ ಇದ್ದಾರಲ್ಲ, ಇಲ್ಲಿಗೆ ಹೇಗೆ ಬಂದೆ ಅಂತ ಕೇಳಿದೆ. ಬೇರೆಯವರ ಹತ್ತಿರ ಮೊದಲು ಹೋಗಿದ್ದೆ ಅಂದಳು. ಒಬ್ಬೊಬ್ಬರ ಹಣೆ ನೋಡಿದಳಂತೆ. ವಿಭೂತಿ ಇಲ್ಲದವರನ್ನು ಬಿಟ್ಟು ಮುಂದಕ್ಕೆ ಮುಂದಕ್ಕೆ ಬಂದಳಂತೆ. ಶರಣಪ್ಪ ಮನೆ ನೋಡಿ ಹೋದಾಗ ಈಕೆ ಇನ್ನೂ ದಾರಿಯಲ್ಲಿದ್ದಿರಬೇಕು.

"ಅವರು ನಮ್ಮವ್ರಲ್ಲ. ಇಂವಗ ನೀ ಹಚ್ಚೀದಿ ನೋಡು, ಇಂವ ನಮ್ಮಾಂವ."

ನೋಡಿದೆ. ಕಬ್ಬಿಣದ ಹಣೆಯ ಮೇಲೆ ಮೂರು ಗೆರೆ. ಬಾಯಿಂದ ಅಷ್ಟು ನೀರು ಸುರಿಯುತ್ತದೆ, ಹಣೆಗೆ ಒಂದು ಹನಿ ಸಿಡಿದಿಲ್ಲ.

ಆ ಹೊತ್ತಿಗೆ ಓಣಿಯ ಆಚೆ ತುದಿಯಿಂದ ಗಂಗಾ ಬಂದಳು. ತಲೆಯ ಸೆರಗು ಎಲ್ಲೋ, ಕೂದಲು ಎಲ್ಲೋ. ಒಂದು ಕಾಲಲ್ಲಿ ಬೂಟು, ಇನ್ನೊಂದು ಬರಿಗಾಲು, ಹೆಬ್ಬೆರಳಿನಿಂದ ರಕ್ತ. ಕೂಸನ್ನು ಕಂಡದ್ದೇ ಓಣಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಕೈ ಚಾಚಲಿಲ್ಲ. ಬೆಳಿಗ್ಗೆ ಚಾಚಿ ಸೋತಿದ್ದಳಲ್ಲ. ಮಲ್ಲಿ ಬಸವಣ್ಣನ ಕೊರಳು ಬಿಟ್ಟಳು. ನನ್ನ ಕೈಯನ್ನೂ ಬಿಟ್ಟಳು. ನಡೆದು ಹೋಗಿ ಆಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಆ ಬರಿಗಾಲನ್ನು ನೋಡಿದಳು.

"ಅವ್ವಾ, ನಿನ್ನ ಇನ್ನೊಂದು ಬೂಟು ಎಲ್ಲೈತಿ?"

ಅವ್ವಾ ಅಂದಳು! ಮಲ್ಲಿ ತನ್ನ ಒದ್ದೆ ಲಂಗದ ತುದಿಯಿಂದ ತಾಯಿಯ ಹೆಬ್ಬೆರಳ ರಕ್ತ ಒರೆಸಿ, ಹೋಗಿ ಆ ಉಡಿಯೊಳಗೆ ತಾನೇ ಕೂತಳು. ನಾನು ಹಾಕಲಿಲ್ಲ ಶರಣರೇ. ತಾನೇ ಹೋಗಿ ಕೂತಳು. ನನ್ನ ಹರಕೆಯಲ್ಲಿ ಕೇಳಿದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಕೊಟ್ಟ ಪರಮಾತ್ಮ.

ಶರಣಪ್ಪ ಬೆವರಿ ಓಡಿ ಬಂದು ನಿಂತ. ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಮುದುಕಿಯ ಹಣೆ ನೋಡಿದ, ನಳದ ಹಣೆ ನೋಡಿದ. ಟೊಪ್ಪಿಗೆ ತೆಗೆದು, ಅಷ್ಟು ಜನರ ಮುಂದೆ, ಮುನಸಿಪಾಲ್ಟಿ ನಳಕ್ಕೆ ಅಡ್ಡ ಬಿದ್ದ. ಅದು ನಳ ಅಲ್ಲೇನೋ ಅನ್ನಬೇಕಂತ ಬಾಯಿ ತುರಿಸುತ್ತಿತ್ತು, ತಡೆದೆ.

ಆ ಮುದುಕಿಯನ್ನು ಮನೆಗೆ ಕರೆದು ಕೂಡಿಸಿದೆವು. ಶರಣಪ್ಪ ಅವರ ಮಾತಿನಲ್ಲಿ ಕೇಳಿ ನನಗೆ ತಿಳಿಸಿದ. ಅವರ ಧರ್ಮದಲ್ಲೂ ವರ್ಷಕ್ಕೆ ಒಂದು ದಿನ ಗುಡಿಯಲ್ಲಿ ಹಣೆಗೆ ಬೂದಿ ಹಚ್ಚುತ್ತಾರಂತೆ. ದೂರದಿಂದ ಬಂದ ಯಾರೋ ತಪಸ್ವಿ ಹೆಂಗಸು ಅಂತ ನನ್ನನ್ನು ತಿಳಿದು ಹಣೆ ಬಗ್ಗಿಸಿದಳಂತೆ. ನನ್ನನ್ನು ತಪಸ್ವಿ ಅಂದದ್ದನ್ನು ನಮ್ಮ ಯಜಮಾನರಿಗೆ ನಾನು ಇವತ್ತಿಗೂ ಹೇಳಿಲ್ಲ, ನಗುತ್ತಾರೆ. ಮಧ್ಯಾಹ್ನ ನೀರಿಗೆ ಬಂದಾಗ ಕೂಸು ಒಂದೇ ಇರುವುದು ಕಂಡು, ಪ್ರೀತಿಯಿಂದ ಕರೆದರೂ ಕದಲದಿರುವುದು ಕಂಡು, ಇದರ ಹಣೆಯಂಥ ಹಣೆಯಾಕೆ ಎಲ್ಲಿದ್ದಾಳೆ ಅಂತ ಸಂತೆಗೆ ಹುಡುಕಿ ಬಂದಿದ್ದಳು. ಇನ್ನು ಆ ಕಾಯಿಪಲ್ಲೆಯವನ ಸಂಗತಿ: ಆ ದೇಶದಲ್ಲಿ ಗಂಡಸಿಗೆ ಕೊಂಬು ಮಾಡಿ ತೋರಿಸಿದರೆ, ನಿನ್ನ ಹೆಂಡತಿ ನಿನ್ನೊಬ್ಬನ ಹೆಂಡತಿ ಅಲ್ಲ ಅಂತ ಅರ್ಥವಂತೆ. ಶರಣಪ್ಪ ಮುಖ ಆ ಕಡೆ ತಿರುಗಿಸಿಕೊಂಡು ಹೇಳಿದ. ಗಂಗಾ ನಕ್ಕು ನಕ್ಕು ಕೆಮ್ಮಿದಳು. ನಗುತ್ತಲೇ ಒಂದು ಪೂರಾ ರೊಟ್ಟಿ ತಿಂದಳು. ತಿಂದದ್ದು ಆಕೆಗೂ ಗೊತ್ತಾಗಲಿಲ್ಲ. ನಾನು ಸುಮ್ಮನೆ ಇನ್ನೊಂದು ಹಾಕಿದೆ. ಅದೂ ಇಳಿಯಿತು. ನಾಳೆ ಆ ಕಾಯಿಪಲ್ಲೆಯವನಿಗೆ ಹೋಗಿ ತಪ್ಪಾಯಿತು ಅನ್ನಬೇಕು ಅಂದೆ. ಬ್ಯಾಡ್ರಿ ಅತ್ತಿ, ನೀವು ಮತ್ತ ಕೈ ಮಾಡಿ ಮಾತಾಡಬ್ಯಾಡ್ರಿ ಅಂದಳು.

ಎರಡು ವರ್ಷ ಆ ನಳದಲ್ಲೇ ನೀರು ತುಂಬುತ್ತಿದ್ದೆ, ನೀರು ಕಂಡೆ, ಬಸವಣ್ಣನ ಮುಖ ಕಂಡಿರಲಿಲ್ಲ ಅಂತ ಗಂಗಾ ಹೇಳಿದಳು. ಮರುದಿನದಿಂದ ಕೊಡ ತುಂಬುವ ಮುಂಚೆ ಮೂರು ಗೆರೆ ಎಳೆದೇ ತುಂಬುತ್ತಿದ್ದಳು. ಎತ್ತಿಕೊಂಡು ಬರಲು ಮೈಯಲ್ಲಿ ಬಲ ಬಂತು. ಮುಂದಿನ ವರ್ಷ, ಯುದ್ಧದ ಸುದ್ದಿ ಏಳುವುದಕ್ಕೆ ಮುಂಚೆ, ನಾವು ನಾಲ್ವರೂ ಒಂದೇ ಹಡಗಿನಲ್ಲಿ ತಿರುಗಿ ಬಂದೆವು. ಮಸ್ಕಿ ಗುಡ್ಡವನ್ನು ಈ ಸಲ ಗಂಗಾ ಹತ್ತಿದಳು, ಬರಿಗಾಲಿನಲ್ಲಿ, ಎರಡೂ ಕಾಲು. ಈಗ ಅವಳ ತೊಡೆಯ ಮೇಲೆ ಒಬ್ಬ ಬಸವರಾಜ ಕೂತಿದ್ದಾನೆ, ಮೊನ್ನೆ ಹಲ್ಲು ಬಂತು. ಮಲ್ಲಿ ಮದರಸಾಕ್ಕೆ, ಅದೇ ಸರಕಾರಿ ಶಾಲೆಗೆ, ಹೋಗುತ್ತಾಳೆ, ಉರ್ದು ಕನ್ನಡ ಎರಡೂ ಬರೆಯುತ್ತಾಳೆ. ಇದನ್ನು ನಾನು ಬರೆಯುವಾಗ ಹೆಗಲ ಮೇಲಿಂದ ಬಗ್ಗಿ ನೋಡಿ ಒತ್ತಕ್ಷರ ತಿದ್ದುತ್ತಿದ್ದಾಳೆ, ಬ್ಯಾಡ ಅಂದರೂ ಕೇಳುವುದಿಲ್ಲ.

ದೇವರು ಎಲ್ಲಿದ್ದಾನೆ ಅಂತ ಕೇಳುವವರಿಗೆ ಹೇಳಲು ನನಗೆ ದೊಡ್ಡ ಮಾತು ಬಾರದು. ನನ್ನ ಕಣ್ಣಿಗೆ ಅವನು ನಳದಲ್ಲಿ ಕಂಡ, ಕೂಸಿನ ಹಟದಲ್ಲಿ ಕಂಡ, ನನ್ನ ಮಾತು ತಿಳಿಯದ ಮುದುಕಿಯ ಹಣೆಯಲ್ಲಿ ಕಂಡ. ಕಂಡಲ್ಲಿ ಕೈ ಮುಗಿಯಿರಿ, ಯಾರು ನಕ್ಕರೂ ಮುಗಿಯಿರಿ. ಹೊರಡುವ ದಿನ ಉಳಿದ ವಿಭೂತಿ ಗಟ್ಟಿಯನ್ನು ಆ ಮುದುಕಿಯ ಕೈಗೆ ಇಟ್ಟು, ನಳ ತೋರಿಸಿ ಬಂದಿದ್ದೇನೆ. ಆಕೆ ಆಗಲಿ ಅಂತ ತಲೆ ಆಡಿಸಿದಳು. ಈಗ ಆ ಕಡೆ ಯುದ್ಧ ನಡೆದಿದೆ ಅಂತಾರೆ. ದಿನಾ ಲಿಂಗಪೂಜೆಯಲ್ಲಿ ನಮ್ಮ ಮನೆಯವರ ಹೆಸರು ಹಿಡಿದ ಮೇಲೆ ಆಕೆಗೂ ಒಂದು ಪತ್ರಿ ಏರಿಸುತ್ತೇನೆ. ಆಕೆ ಬದುಕಿರುವ ತನಕ ಆ ಮೂಲೆಯ ಬಸವಣ್ಣ ಬರೀ ಹಣೆಯಲ್ಲಿ ನಿಲ್ಲುವುದಿಲ್ಲ, ನನಗೆ ಗೊತ್ತು.